ತಿಂಡಿಗೊಂದು ಹೋಟೆಲ್, ಊಟಕ್ಕೊಂದು ಹೋಟೆಲ್

ಮನೆ ಬದಲಾಯಿಸಿ ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬಂದಾಗ ಹಾಲಿನ ಬೂತು, ಇಸ್ತ್ರಿ ಅಂಗಡಿ, ತರಕಾರಿ ಗಾಡಿ ಎಲ್ಲವೂ ಒಂದೇ ವಾರದಲ್ಲಿ ಹೊಂದಿಕೊಂಡವು. ಹೋಟೆಲ್ ಮಾತ್ರ ನಾಲ್ಕು ತಿಂಗಳು ಕುದುರಲಿಲ್ಲ. ಹೋಟೆಲುಗಳಿರಲಿಲ್ಲ ಎಂದಲ್ಲ. ಹತ್ತು ನಿಮಿಷ ನಡೆಯುವಷ್ಟರಲ್ಲಿ ಒಂಬತ್ತು ಸಿಗುತ್ತಿದ್ದವು: ನಿಂತು ತಿನ್ನುವ ಮೂರು ದರ್ಶಿನಿ, ಕುಳಿತು ತಿನ್ನುವ ಹಳೆಯ ಕಾಲದ ಉಡುಪಿ ಹೋಟೆಲ್ ಒಂದು, ಜೋಳದ ರೊಟ್ಟಿಯ ಖಾನಾವಳಿ ಒಂದು, ಮಿಲಿಟರಿ ಹೋಟೆಲ್ ಒಂದು, ಆಂಧ್ರ ಮೆಸ್ ಒಂದು, ಬಸ್ ನಿಲ್ದಾಣದ ಹಿಂದೆ ಇಂದಿರಾ ಕ್ಯಾಂಟೀನ್, ಮತ್ತೆ ಹೋಟೆಲ್ ಎನ್ನಲೂ ಆಗದ, ತಳ್ಳುಗಾಡಿ ಎನ್ನಲೂ ಆಗದ, ಒಂದು ಶಟರ್‌ನಷ್ಟೇ ಅಗಲದ ತಟ್ಟೆ ಇಡ್ಲಿ ಅಂಗಡಿ.

ನಾನು ಮಾಡಿದ ತಪ್ಪು ಬಹಳ ಮಂದಿ ಮಾಡುವಂಥದ್ದೇ. ಎಲ್ಲಕ್ಕೂ ಆಗುವ ಒಂದೇ ಹೋಟೆಲನ್ನು ಹುಡುಕುತ್ತಿದ್ದೆ. ಬೆಳಿಗ್ಗೆ ಇಡ್ಲಿ ಹೂವಿನಂತಿದ್ದ ಜಾಗದಲ್ಲೇ ಮಧ್ಯಾಹ್ನ ಅನ್ನ ಸಾಂಬಾರ್ ತಿಂದೆ. ಬೆಳಗಿನ ಸಾಂಬಾರೇ ಎರಡು ಲೋಟ ನೀರು ಕುಡಿದು ಬಂದಿತ್ತು. ಮಧ್ಯಾಹ್ನದ ರೊಟ್ಟಿ ಊಟಕ್ಕೆ ಮನಸೋತ ಖಾನಾವಳಿಯಲ್ಲಿ ಬೆಳಿಗ್ಗೆ ದೋಸೆ ಕೇಳಿದೆ. ಬಂದದ್ದನ್ನು ದೋಸೆ ಎನ್ನಲು ಮನಸ್ಸು ಒಪ್ಪಲಿಲ್ಲ. ಆಮೇಲೆ ಹೊಳೆಯಿತು: ತಿಂಡಿಯ ಹೋಟೆಲ್ ಎಂದರೆ ಹಿಟ್ಟಿನ ಹೋಟೆಲ್, ಊಟದ ಹೋಟೆಲ್ ಎಂದರೆ ಸಾರಿನ ಹೋಟೆಲ್. ಹಿಟ್ಟಿನ ಕೆಲಸ ಹಿಂದಿನ ದಿನದ ಸಂಜೆ ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹುದುಗು ಬರಲು ಬಿಡುವುದರಲ್ಲಿ ಮುಗಿದಿರುತ್ತದೆ. ಬೆಳಿಗ್ಗೆ ಉಳಿಯುವುದು ಬೆಂಕಿ ಮತ್ತು ಕೈಚಳಕ. ಸಾರಿನ ಕೆಲಸ ಶುರುವಾಗುವುದೇ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ಅಂದರೆ ತಿಂಡಿಯ ನೂಕುನುಗ್ಗಲು ಜೋರಾಗಿರುವಾಗಲೇ. ಅದೇ ನಾಲ್ಕು ಒಲೆ, ಅದೇ ಐದು ಜನ. ಎರಡನ್ನೂ ಚೆನ್ನಾಗಿ ನಿಭಾಯಿಸುವ ಅಡುಗೆಮನೆ ದೊಡ್ಡದಿರಬೇಕು, ಇಲ್ಲವೇ ಮಾಲೀಕರು ಅಡುಗೆಮನೆಯಲ್ಲೇ ನಿಲ್ಲುವವರಾಗಿರಬೇಕು. ಬಡಾವಣೆಯ ಹೋಟೆಲುಗಳಲ್ಲಿ ಇವೆರಡೂ ಅಪರೂಪ. ಹಾಗಾಗಿ ನನ್ನ ಸಲಹೆ ಸರಳ: ಒಂದನ್ನು ಹುಡುಕಬೇಡಿ, ಎರಡನ್ನು ಹುಡುಕಿ.

ಇನ್ನೊಂದು ಗೊಂದಲವನ್ನೂ ಮೊದಲೇ ಬದಿಗಿಡುತ್ತೇನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ 2024ಕ್ಕೆ ನೂರು ವರ್ಷ ತುಂಬಿತು. ಭಾನುವಾರ ಬೆಳಿಗ್ಗೆ ಅಲ್ಲಿ ಹೆಸರು ಬರೆಸಿ, ಮುಕ್ಕಾಲು ಗಂಟೆ ಕಾದು, ಒಳಗೆ ಕರೆದಾಗ ಲಾಟರಿ ಹೊಡೆದವರಂತೆ ನುಗ್ಗುವುದು ನನಗೂ ಇಷ್ಟವೇ. ಆದರೆ ಅದು ಹಬ್ಬ. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಗ್ಯಾಸ್ ಖಾಲಿಯಾಗಿ, ಎಂಟೂಕಾಲಿಗೆ ಮಗಳ ಶಾಲೆಯ ವ್ಯಾನ್ ಬರುವಾಗ ಬೇಕಾಗುವುದು ಬೇರೆ ಹೋಟೆಲ್. ಹೆಸರುವಾಸಿ ಹೋಟೆಲನ್ನು ಅದರ ಅತ್ಯುತ್ತಮ ದಿನದಿಂದ ಅಳೆಯುತ್ತೇವೆ. ಮನೆ ಹತ್ತಿರದ್ದನ್ನು ಅದರ ಸಾಧಾರಣ ದಿನದಿಂದ ಅಳೆಯಬೇಕು.

ನಿಂತು ತಿನ್ನುವುದೋ, ಕುಳಿತು ತಿನ್ನುವುದೋ

ಬೆಂಗಳೂರಿನಲ್ಲಿ ತಿಂಡಿಯ ಆಯ್ಕೆ ಬಹುಮಟ್ಟಿಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಕುಳಿತು ತಿನ್ನುವ ಉಡುಪಿ ಹೋಟೆಲ್ ಹಳೆಯದು. ಕರಾವಳಿಯಿಂದ ಘಟ್ಟ ಹತ್ತಿ ಬಂದವರು ಅಮೃತಶಿಲೆಯ ಮೇಜು, ಗೋಡೆಯುದ್ದದ ಕನ್ನಡಿ, ‘ಫ್ಯಾಮಿಲಿ ರೂಮ್’ ಎಂಬ ಫಲಕ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಮಾಣಿ, ಇಷ್ಟನ್ನೂ ಜೊತೆಗೆ ತಂದರು. ದರ್ಶಿನಿ ಈಚಿನದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಶುರುಮಾಡಿದ ಕೆಫೆ ದರ್ಶಿನಿಯಿಂದ ಆ ಹೆಸರೇ ಒಂದು ಜಾತಿಯ ಹೋಟೆಲಿಗೆ ಅಂಟಿಕೊಂಡಿತು: ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದು, ಕೌಂಟರಿನಲ್ಲಿ ತಟ್ಟೆ ಪಡೆಯುವುದು, ಎದೆ ಮಟ್ಟದ ಮೇಜಿನ ಸುತ್ತ ನಿಂತು ತಿಂದು ಹೊರಡುವುದು. ಅಡುಗೆಮನೆ ಕಣ್ಣೆದುರಿಗೇ ಇರುತ್ತದೆ. ನನ್ನ ಮಟ್ಟಿಗೆ ದರ್ಶಿನಿಯ ದೊಡ್ಡ ಗುಣ ವೇಗವಲ್ಲ, ಈ ತೆರೆದ ಅಡುಗೆಮನೆ. ಹಿಟ್ಟಿನ ಪಾತ್ರೆಗೆ ಮುಚ್ಚಳ ಇದೆಯೇ, ಚಟ್ನಿಯ ಬಕೆಟ್ಟಿಗೆ ಹಾಕುವ ಸೌಟು ಎಲ್ಲಿ ಮಲಗಿರುತ್ತದೆ, ದುಡ್ಡು ಮುಟ್ಟಿದ ಕೈಯೇ ವಡೆಯನ್ನೂ ಮುಟ್ಟುತ್ತದೆಯೇ, ಎಲ್ಲವೂ ಐದು ನಿಮಿಷದಲ್ಲಿ ಕಾಣುತ್ತದೆ. ಬಾಗಿಲ ಹಿಂದಿನ ಅಡುಗೆಮನೆಯ ವಿಷಯದಲ್ಲಿ ನಂಬಿಕೆಯೊಂದೇ ಗತಿ.

ದರ್ಶಿನಿಯ ದೋಷವೂ ನಿಂತೇ ಇದೆ. ನನ್ನ ತಾಯಿಗೆ ಮಂಡಿನೋವು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚೀಲ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹೊತ್ತ ಹುಡುಗರ ಗುಂಪು, ಇದರ ನಡುವೆ ಅವರು ಒಮ್ಮೆ ಬಂದರು, ಎರಡನೆಯ ಸಲ ‘ನೀನು ಪಾರ್ಸೆಲ್ ತಂದುಬಿಡು’ ಎಂದರು. ಮನೆಯಲ್ಲಿ ಹಿರಿಯರಿದ್ದರೆ, ಮಗು ಇದ್ದರೆ, ಅಥವಾ ತಿಂಡಿಯ ನೆಪದಲ್ಲಿ ಗೆಳೆಯರೊಡನೆ ಅರ್ಧ ಗಂಟೆ ಹರಟುವ ಚಟವಿದ್ದರೆ ಕುರ್ಚಿಯಿರುವ ಹೋಟೆಲ್ ಒಂದು ಪಟ್ಟಿಯಲ್ಲಿರಲೇಬೇಕು. ಕೈತೊಳೆಯುವ ಜಾಗ, ಶೌಚಾಲಯ ಎರಡನ್ನೂ ಒಮ್ಮೆ ನೋಡಿಕೊಂಡು ಬನ್ನಿ. ಮುಜುಗರ ಬೇಡ.

ವೇಗದ ಮಾತು ಬಂದಾಗ ಒಂದು ಲೆಕ್ಕ. ನಮ್ಮ ಬೀದಿಯ ದರ್ಶಿನಿಯಲ್ಲಿ ಇಡ್ಲಿ ವಡೆ ಕಾಫಿ ಮುಗಿಸಿ ಹೊರಬರಲು ಹನ್ನೆರಡು ನಿಮಿಷ ಸಾಕು. ಉಡುಪಿ ಹೋಟೆಲಿನಲ್ಲಿ ಅದೇ ಮೂರಕ್ಕೆ ಮೂವತ್ತೈದು ನಿಮಿಷ. ಬಿಲ್ಲಿಗೆ ಕಾಯುವುದೇ ಅದರಲ್ಲಿ ಐದು. ಆದರೆ ಉಡುಪಿ ಹೋಟೆಲಿನ ಸಪ್ಲೈಯರ್‌ಗೆ ಮೂರನೆಯ ವಾರಕ್ಕೇ ನನ್ನ ಮುಖ ಗೊತ್ತಾಗಿತ್ತು. ‘ಕಾಫಿಗೆ ಸಕ್ಕರೆ ಬೇಡ ಅಲ್ಲವೇ ಸಾರ್’ ಎಂದು ಅವರೇ ಕೇಳಿದ ದಿನ ಆ ಮೂವತ್ತೈದು ನಿಮಿಷ ಹೆಚ್ಚೆನಿಸಲಿಲ್ಲ.

ಇಡ್ಲಿ ಮಗುಚಿ ನೋಡಿ, ಚಟ್ನಿ ನೆಕ್ಕಿ ನೋಡಿ

ಹೊಸ ಹೋಟೆಲಿನಲ್ಲಿ ಮೊದಲ ದಿನವೇ ಮಸಾಲೆ ದೋಸೆ ಹೇಳಬೇಡಿ. ಬೆಣ್ಣೆ, ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯ ಸೇರಿ ಎಂಥ ಹಿಟ್ಟಿನ ಮಾನವನ್ನೂ ಉಳಿಸಿಬಿಡುತ್ತವೆ. ಇಡ್ಲಿ ಹೇಳಿ. ಅದು ಏನನ್ನೂ ಮುಚ್ಚಿಡುವುದಿಲ್ಲ. ಒಳ್ಳೆಯ ಇಡ್ಲಿಯನ್ನು ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಏಳುತ್ತದೆ, ಮುರಿದರೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ವಿಪರೀತ ಉಬ್ಬಿ, ನಾಲಿಗೆಯ ಕೊನೆಯಲ್ಲಿ ಸಾಬೂನಿನಂಥ ರುಚಿ ಉಳಿದರೆ ಸೋಡಾ ಹೆಚ್ಚಾಗಿದೆ ಎಂದೇ ಅರ್ಥ. ಹುದುಗು ಸರಿಯಾಗಿ ಬರದ ಹಿಟ್ಟನ್ನು ಎಬ್ಬಿಸಲು ಅದು ಸುಲಭದ ದಾರಿ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಹುದುಗಲು ತಡವಾಗುವುದರಿಂದ ಹೋಟೆಲಿನ ನಿಜವಾದ ಪರೀಕ್ಷೆ ಆಗಲೇ ನಡೆಯುತ್ತದೆ.

ಇಡ್ಲಿಯನ್ನು ಮಗುಚಿ ಹಿಂಬದಿ ನೋಡುವ ಅಭ್ಯಾಸ ನನಗೆ ಅಂಟಿದ್ದು 2025ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಕೆಲವು ಹೋಟೆಲುಗಳು ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿರುವುದು ಕಂಡುಬಂದು, ಸರ್ಕಾರ ಅದನ್ನು ನಿಷೇಧಿಸಿತು. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ಬೆನ್ನಿನ ಮೇಲೆ ನೇಯ್ಗೆಯ ಗೆರೆಗಳು ಮೂಡಿರುತ್ತವೆ. ಬೆನ್ನು ನುಣುಪಾಗಿದ್ದರೆ ತಟ್ಟೆಗೆ ಎಣ್ಣೆ ಸವರಿದ್ದೂ ಇರಬಹುದು, ಹಾಳೆಯೂ ಇರಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದಾಗ ಸಿಡುಕುವ ಹೋಟೆಲ್ ಬೇಡ, ಇಡ್ಲಿ ಪೆಟ್ಟಿಗೆ ತೆರೆದು ತೋರಿಸುವ ಹೋಟೆಲ್ ಬೇಕು. ಪಾರ್ಸೆಲ್ ವಿಷಯದಲ್ಲೂ ಇದೇ ಮಾತು. ಕುದಿಯುವ ಸಾಂಬಾರನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಳ್ಳುವ ಬದಲು ಸ್ಟೀಲ್ ಡಬ್ಬಿ ಒಯ್ಯಿರಿ. ಡಬ್ಬಿ ತಂದವರಿಗೆ ಒಂದು ಸೌಟು ಸಾಂಬಾರ್ ಹೆಚ್ಚೇ ಬೀಳುತ್ತದೆ ಎಂಬುದು ನನ್ನ ಅನುಭವ.

ಇನ್ನು ಚಟ್ನಿ. ನನ್ನನ್ನು ಕೇಳಿದರೆ ಹೋಟೆಲಿನ ಅರ್ಧ ಚರಿತ್ರೆ ಚಟ್ನಿಯಲ್ಲಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಜೊತೆಗೆ ಚಟ್ನಿ, ಅಷ್ಟೇ. ಆದರೂ ಜನ ಸಾಲು ಹಚ್ಚುತ್ತಾರೆ, ತಟ್ಟೆ ಹಿಡಿದು ಮತ್ತೆ ಮತ್ತೆ ಚಟ್ನಿಗೆ ಹೋಗುತ್ತಾರೆ. ಒಂದು ಪದಾರ್ಥದ ಮೇಲೆ ಇಷ್ಟು ಭರವಸೆ ಇಡಬೇಕಾದರೆ ಅದನ್ನು ಹೊತ್ತುಹೊತ್ತಿಗೆ ರುಬ್ಬುತ್ತಿರಬೇಕು. ನಮ್ಮ ಬಡಾವಣೆಯ ದರ್ಶಿನಿಯೊಂದರಲ್ಲಿ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಎಂಟಕ್ಕೆ ಚಟ್ನಿ ಇಡ್ಲಿಯ ಮೇಲೆ ನಿಲ್ಲುತ್ತಿತ್ತು. ಒಂಬತ್ತೂವರೆಗೆ ಹುಡುಗನೊಬ್ಬ ಬಕೆಟ್ಟಿಗೆ ಒಂದು ಚೊಂಬು ನೀರು, ಒಂದು ಹಿಡಿ ಉಪ್ಪು ಹಾಕಿ ತಿರುವಿದ. ಹತ್ತೂ ಹತ್ತಕ್ಕೆ ಚಟ್ನಿ ತಟ್ಟೆಯ ಆ ಬದಿಯಿಂದ ಈ ಬದಿಗೆ ಹರಿದು ವಡೆಯ ಕೆಳಗೆ ಕೊಳವಾಯಿತು. ಆ ದಿನವೇ ಆ ದರ್ಶಿನಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆ. ತೆಂಗಿನಕಾಯಿ ದುಬಾರಿಯಾದ 2025ರಲ್ಲಿ ಅನೇಕ ಕಡೆ ಚಟ್ನಿಯಲ್ಲಿ ಹುರಿಗಡಲೆ ಏರಿ ಕಾಯಿ ಇಳಿಯಿತು. ಅದನ್ನು ನಾನು ಕ್ಷಮಿಸುತ್ತೇನೆ, ವ್ಯಾಪಾರಕ್ಕೂ ಹೊಟ್ಟೆ ಇರುತ್ತದೆ. ನೀರನ್ನು ಕ್ಷಮಿಸುವುದಿಲ್ಲ. ಕಾಯಿ ಚಟ್ನಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯತ್ತ ತಿರುಗುವ ವಸ್ತು ಎಂಬುದನ್ನೂ ಮರೆಯಬಾರದು. ಬೇಸಿಗೆಯಲ್ಲಿ ಹತ್ತೂವರೆ ದಾಟಿದ ಮೇಲೆ ಮೊದಲು ಮೂಸಿ ನೋಡಿ.

ಆದ್ದರಿಂದ ಒಂದು ಹೋಟೆಲಿಗೆ ಮೂರು ಸಲ ಹೋಗಿ, ಮೂರು ಬೇರೆ ಹೊತ್ತಿನಲ್ಲಿ. ಬಾಗಿಲು ತೆರೆದ ಅರ್ಧ ಗಂಟೆಯೊಳಗೆ ಒಮ್ಮೆ, ನೂಕುನುಗ್ಗಲಿನ ಎಂಟೂವರೆಗೆ ಒಮ್ಮೆ, ಎಲ್ಲರೂ ಹೋದ ಮೇಲೆ ಹತ್ತು ದಾಟಿ ಒಮ್ಮೆ. ಮೂರೂ ಸಲ ಅದೇ ಇಡ್ಲಿ ಚಟ್ನಿ ಕಾಫಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಈ ಮೂರನೆಯ ಭೇಟಿ ಹೇಳುವಷ್ಟು ಸತ್ಯವನ್ನು ಮೊಬೈಲಿನ ನಕ್ಷತ್ರಗಳು ಹೇಳುವುದಿಲ್ಲ. ನಕ್ಷತ್ರ ಕೊಟ್ಟವರು ಬಹುಪಾಲು ಭಾನುವಾರದ ಗಿರಾಕಿಗಳು.

ದೋಸೆಯ ಹೊತ್ತು ಬೇರೆ

ದೋಸೆಗೆ ಮಾತ್ರ ನೂಕುನುಗ್ಗಲೇ ಒಳ್ಳೆಯದು. ಕಾರಣ ಕಾವಲಿ. ನಾನು ಈಗ ಹೋಗುವ ದರ್ಶಿನಿಯ ದೋಸೆ ಭಟ್ಟರನ್ನು ಎಂಟೂವರೆಯ ಹೊತ್ತಿಗೆ ನೋಡಬೇಕು. ಅಂಗೈ ತುಂಬ ನೀರು ತೆಗೆದು ಕಾವಲಿಗೆ ಎರಚುತ್ತಾರೆ. ನೀರು ಚುರ್ ಎಂದು ಮುತ್ತುಗಳಾಗಿ ಓಡುತ್ತದೆ. ಕಡ್ಡಿ ಪೊರಕೆಯಿಂದ ಒಂದೇ ಸೆಳೆತದಲ್ಲಿ ಗುಡಿಸುತ್ತಾರೆ. ಆಮೇಲೆ ಹನ್ನೆರಡು ಸೌಟು ಹಿಟ್ಟು, ನಾಲ್ಕರಂತೆ ಮೂರು ಸಾಲು. ಕೊನೆಯದನ್ನು ಹರಡುವ ಹೊತ್ತಿಗೆ ಮೊದಲನೆಯದರ ಅಂಚು ಕಂದಲು ಶುರುವಾಗಿರುತ್ತದೆ. ತುಪ್ಪದ ಚೊಂಬಿನಿಂದ ಗೆರೆ ಎಳೆದ ಹಾಗೆ ಸುರಿದು, ಕೆಂಪು ಚಟ್ನಿ ಸವರಿ, ಪಲ್ಯದ ಉಂಡೆಗಳನ್ನು ಎಸೆದಂತೆ ಇಡುತ್ತಾರೆ. ಕಾವಲಿ ಸತತವಾಗಿ ಕಾದಿರುವುದರಿಂದ ಹೊರಗೆ ಗರಿ, ಒಳಗೆ ಮೆತ್ತಗೆ. ಅದೇ ಭಟ್ಟರು ಹತ್ತೂಮುಕ್ಕಾಲಿಗೆ ಗ್ಯಾಸ್ ಉಳಿಸಲು ಉರಿ ಸಣ್ಣಗೆ ಮಾಡಿರುತ್ತಾರೆ. ಆಗ ಒಂದೇ ಒಂದು ದೋಸೆ ಕೇಳಿದರೆ ಬಿಳುಚಿಕೊಂಡು, ಚಕ್ಕಳದಂತೆ ಬರುತ್ತದೆ. ‘ಸ್ವಲ್ಪ ಕಾಯುತ್ತೇನೆ, ಕೆಂಪಗೆ ಹಾಕಿ’ ಎಂದು ಹೇಳಿದರೆ ಉರಿ ಏರಿಸುತ್ತಾರೆ. ಹೇಳಬೇಕು, ಅಷ್ಟೇ.

ದೋಸೆಯಲ್ಲೂ ಊರಿಗೊಂದು ಧರ್ಮವಿದೆ, ಅದನ್ನು ಅರಿತು ಹೋಲಿಸಬೇಕು. ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಬಾಯಿಗಿಟ್ಟರೆ ಕರಗುವಷ್ಟು ಮೃದು. ಅದನ್ನು ಗರಿ ಇಲ್ಲವೆಂದು ಬೈಯುವುದು ಅನ್ಯಾಯ. ದಾವಣಗೆರೆ ಬೆಣ್ಣೆ ದೋಸೆಗೆ ಹಿಟ್ಟಿನಲ್ಲೇ ಮಂಡಕ್ಕಿ ಬೀಳುತ್ತದೆ, ಪಲ್ಯ ಸಪ್ಪೆಯಾಗಿರುತ್ತದೆ. ಬೆಣ್ಣೆಯೇ ಅಲ್ಲಿ ದೊರೆ. ಬೆಂಗಳೂರಿನವರು ಕೇಳುವುದು ದಪ್ಪ, ಗರಿ, ಕೆಂಪು. ನಮ್ಮ ಬೀದಿಯಲ್ಲಿ ‘ದಾವಣಗೆರೆ’ ಎಂದು ಬೋರ್ಡು ಹಾಕಿ ಬೆಂಗಳೂರಿನ ಪಲ್ಯ ತುಂಬುವವರೂ ಇದ್ದಾರೆ. ಹಸಿವಾದಾಗ ಅದೂ ನಡೆಯುತ್ತದೆ.

ತಟ್ಟೆ ಇಡ್ಲಿ ಅಂಗಡಿಯ ಬಗ್ಗೆ ಎರಡೇ ಮಾತು. ತುಮಕೂರಿನ ಕ್ಯಾತಸಂದ್ರ, ಮೈಸೂರು ರಸ್ತೆಯ ಬಿಡದಿ ಇವೆರಡೂ ತಟ್ಟೆ ಇಡ್ಲಿಗೆ ಹೆಸರಾದ ಊರುಗಳು. ನಗರದ ಸಣ್ಣ ಅಂಗಡಿಗಳು ಅವುಗಳ ಹೆಸರಿನಲ್ಲೇ ಬದುಕುತ್ತವೆ. ಒಂದೇ ಪದಾರ್ಥ ಮಾಡುವವರು ಅದನ್ನು ಕೆಡಿಸುವುದು ಕಷ್ಟ. ಆದರೆ ಕುಡಿಯುವ ನೀರು, ತಟ್ಟೆ ತೊಳೆಯುವ ಬಕೆಟ್ ಎರಡನ್ನೂ ನೋಡದೆ ಮುಂದುವರಿಯಬೇಡಿ. ಅಂಗಡಿ ಎಷ್ಟೇ ಸಣ್ಣದಿರಲಿ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಗೋಡೆಯ ಮೇಲೆ ಕಾಣಬೇಕು.

ಊಟಕ್ಕೆ ಬಂದರೆ

ಊಟದ ಹೋಟೆಲನ್ನು ಅಳೆಯಲು ನನ್ನದು ಎರಡು ಪ್ರಶ್ನೆ. ಒಂದು, ‘ಇವತ್ತು ಪಲ್ಯ ಏನು?’ ಉತ್ತರ ಮೂರು ದಿನವೂ ಬೀನ್ಸ್ ಕ್ಯಾರೆಟ್ ಆದರೆ ಅಲ್ಲಿ ಯಾರೂ ಮಾರುಕಟ್ಟೆಗೆ ಹೋಗುತ್ತಿಲ್ಲ, ತರಕಾರಿ ಅದಾಗಿಯೇ ಬಂದು ಬೀಳುತ್ತಿದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ತಟ್ಟೆಯಲ್ಲಿ ಕಾಣದ ಬೆಂಗಳೂರಿನ ಊಟದ ಹೋಟೆಲ್ ನನಗೆ ಅನುಮಾನಾಸ್ಪದ. ಎರಡು, ತಿಳಿಸಾರು. ಸಾಂಬಾರಿನಲ್ಲಿ ತರಕಾರಿ, ಬೇಳೆ, ಪುಡಿ ಸೇರಿ ಏನಾದರೂ ನಡೆಯುತ್ತದೆ. ತಿಳಿಸಾರಿಗೆ ಅಡಗಲು ಜಾಗವಿಲ್ಲ. ಒಂದು ಲೋಟದಲ್ಲಿ ಬರೀ ಸಾರು ಕೇಳಿ ಕುಡಿಯಿರಿ. ಮೂಗಿಗೆ ಇಂಗು, ಕರಿಬೇವು ಮೊದಲು ಬಂದು ಗಂಟಲಿಗೆ ಮೆಣಸು ಆಮೇಲೆ ಬಂದರೆ ಒಳಗೆ ಅಡುಗೆ ಗೊತ್ತಿರುವವರಿದ್ದಾರೆ.

ದರ್ಶಿನಿಗಳ ಮಿನಿ ಮೀಲ್ಸ್ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅಂಗೈಯಗಲದ ಚಪಾತಿ, ಬಟಾಣಿ ಹಾಕಿದ ಕೆಂಪು ಸಾಗು, ಒಂದು ಬಟ್ಟಲು ಬಣ್ಣದ ಅನ್ನ, ಒಂದು ಬಟ್ಟಲು ಮೊಸರನ್ನ. ಗುಳಿಗುಳಿಯ ತಟ್ಟೆಯಲ್ಲಿ ಎಲ್ಲವೂ ಒಂದೇ ಬಿಸಿಯಲ್ಲಿ, ಅಂದರೆ ಅರೆಬಿಸಿಯಲ್ಲಿ ಬರುತ್ತದೆ. ಅನ್ನವನ್ನು ಅರೆಬಿಸಿಯಲ್ಲಿ ಗಂಟೆಗಟ್ಟಲೆ ಇಡುವುದು ಹೊಟ್ಟೆಗೂ ಒಳ್ಳೆಯದಲ್ಲ. ಬೆಂದ ಅನ್ನ 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಬೇಗ ಖಾಲಿಯಾಗಬೇಕು. ದರ್ಶಿನಿಯಲ್ಲೇ ಮಧ್ಯಾಹ್ನ ಕಳೆಯಬೇಕಾಗಿ ಬಂದರೆ ಬಿಸಿಬೇಳೆಬಾತ್ ಅಥವಾ ಆ ದಿನದ ವಾಂಗಿಬಾತ್ ಹೇಳುವುದು ಜಾಣತನ. ಹನ್ನೆರಡೂವರೆಯೊಳಗೆ ಹೇಳಿದರೆ ಇನ್ನೂ ಜಾಣತನ.

ಕುಳಿತು ತಿನ್ನುವ ಉಡುಪಿ ಹೋಟೆಲಿನ ಊಟ ಇದಕ್ಕಿಂತ ಮೇಲು. ಆದರೆ ಹೊಟ್ಟೆ ತುಂಬುವುದಕ್ಕಿಂತ ಬೇಗ ಮನಸ್ಸು ತುಂಬುತ್ತದೆ, ಏಕೆಂದರೆ ಐದು ಪದಾರ್ಥಕ್ಕೂ ಬೆಲ್ಲದ ಒಂದೇ ನೆರಳು. ನಾನು ಬಯಲುಸೀಮೆಯವನು. ಕರಾವಳಿಯ ಸಿಹಿ ಸಾಂಬಾರಿನ ಜೊತೆ ನನ್ನ ಜಗಳ ಹಳೆಯದು, ಇದನ್ನು ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನ ಊಟದ ಆಯ್ಕೆ ಖಾನಾವಳಿ. ಉತ್ತರ ಕರ್ನಾಟಕದಿಂದ ಬಂದವರು ನಡೆಸುವ ಈ ಸಣ್ಣ ಊಟದ ಮನೆಗಳು ಈಗ ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿವೆ. ಬೋರ್ಡು ಓದಿಕೊಂಡು ಒಳಗೆ ಹೋಗಿ: ಬಸವೇಶ್ವರ, ಲಿಂಗಾಯತ ಎಂಬ ಹೆಸರಿದ್ದರೆ ಸಸ್ಯಾಹಾರ, ಸಾವಜಿ ಎಂದಿದ್ದರೆ ಹುಬ್ಬಳ್ಳಿ, ಗದಗ ಕಡೆಯ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮುದಾಯದವರ ಮಾಂಸದೂಟ, ಕಣ್ಣಲ್ಲಿ ನೀರು ತರಿಸುವ ಖಾರ. ನಮ್ಮ ಖಾನಾವಳಿಯಲ್ಲಿ ಆರು ಮೇಜು. ಒಳಗಿನ ಕೋಣೆಯಲ್ಲಿ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಾರೆ; ಪಟಪಟ ಸದ್ದು ಹೊರಗೆ ರಸ್ತೆಗೇ ಕೇಳಿಸುತ್ತದೆ. ಆ ಸದ್ದು ಕೇಳಿದರೆ ಬಿಸಿ ರೊಟ್ಟಿ ಇದೆ ಎಂದು ಅರ್ಥ. ಸದ್ದು ನಿಂತಿದ್ದರೆ ಕಡಕ್ ರೊಟ್ಟಿಯೇ ಗತಿ. ತಟ್ಟೆಯ ಮೇಲೆ ಎರಡು ರೊಟ್ಟಿ, ಎಣ್ಣೆಗಾಯಿ, ಮೊಳಕೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆನೆ ಕಟ್ಟಿದ ಮೊಸರು, ಬದಿಯಲ್ಲಿ ಉಪ್ಪು ಸವರಿದ ಸವತೆಕಾಯಿ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ಪಲ್ಯ ಎಷ್ಟು ಸಲ ಬೇಕಾದರೂ ಹಾಕುತ್ತಾರೆ, ಮೂರನೆಯ ರೊಟ್ಟಿಯಿಂದ ಲೆಕ್ಕ ಶುರು. ಮೊದಲ ದಿನ ನಾನು ಎರಡಕ್ಕೇ ಕೈ ತೊಳೆಯಲು ಎದ್ದಾಗ ಬಡಿಸುತ್ತಿದ್ದ ಅಜ್ಜಿ ‘ಇಷ್ಟೇ ಏನು ತಮ್ಮಾ?’ ಎಂದು ಕೇಳಿದ ದನಿಯಲ್ಲಿ ಮರುಕವಿತ್ತು. ಒಂದೂಕಾಲರಿಂದ ಎರಡರವರೆಗೆ ಹೋಗುವುದು ಸರಿಯಾದ ಹೊತ್ತು. ಊಟದ ಮೇಲೆ ಕಚೇರಿಯಲ್ಲಿ ನಿದ್ದೆ ತೂಗದಿರುವುದು ಇದರ ದೊಡ್ಡ ಲಾಭ; ಅನ್ನ ಸಾಂಬಾರ್ ಊಟಕ್ಕೆ ಆ ಗುಣವಿಲ್ಲ.

ಮಾಂಸ ತಿನ್ನುವವರಿಗೆ ಮಿಲಿಟರಿ ಹೋಟೆಲ್ ಇದೆ. ರಾಗಿ ಮುದ್ದೆ, ಕಾಲು ಸೂಪು, ಕೈಮ ಉಂಡೆ, ಬೋಟಿ, ದೊನ್ನೆ ಬಿರಿಯಾನಿ. ಕೆಲವು ಕಡೆ ಬೆಳಿಗ್ಗೆಯೇ ಇಡ್ಲಿಗೆ ಕಾಲು ಸೂಪು ಸಿಗುವುದರಿಂದ ತಿಂಡಿ ಊಟ ಎರಡನ್ನೂ ಗೆಲ್ಲುವ ಒಂದೇ ಜಾತಿ ಇದು ಎಂದು ನನ್ನ ಭಾವ ವಾದಿಸುತ್ತಾರೆ. ಹಿಟ್ಟಿನ ಹೋಟೆಲ್, ಸಾರಿನ ಹೋಟೆಲ್ ಎಂಬ ನನ್ನ ಸಿದ್ಧಾಂತಕ್ಕೆ ಅವರ ವಾದ ಒಂದು ತೂತು ಕೊರೆದಿದೆ ಎಂದು ಒಪ್ಪಿಕೊಳ್ಳಬೇಕು: ಅಲ್ಲಿ ಬೆಳಿಗ್ಗೆಯ ಪಾತ್ರೆಯೇ ಮಧ್ಯಾಹ್ನಕ್ಕೆ ಕುದಿದು ಕುದಿದು ಇನ್ನಷ್ಟು ಗಟ್ಟಿಯಾಗುತ್ತದೆ, ಹದಗೆಡುವುದಿಲ್ಲ. ಆದರೆ ಹೋಗುವ ಹೊತ್ತು ತಪ್ಪಬಾರದು. ಒಂದೂವರೆಗೆ ಕೈಮ ಖಾಲಿ, ಎರಡೂವರೆಗೆ ಬಿರಿಯಾನಿಯ ತಳ. ಮಾಂಸ ಮಾರಾಟ ನಿಷೇಧದ ದಿನಗಳಲ್ಲಿ ಬಾಗಿಲೇ ಮುಚ್ಚಿರುತ್ತದೆ. ಕಬಾಬ್ ಕಣ್ಣು ಕುಕ್ಕುವಷ್ಟು ಕೆಂಪಗಿದ್ದರೆ ಬಿಟ್ಟುಬಿಡಿ. ಕಬಾಬಿಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರಲ್ಲೇ ನಿಷೇಧಿಸಿದೆ. ಆಂಧ್ರ ಮೆಸ್ಸಿನ ಪಪ್ಪು, ತುಪ್ಪ, ಪುಡಿ ಚೆನ್ನಾಗಿರುತ್ತವೆ. ತಿಂಗಳಿಗೊಮ್ಮೆ ಸಾಕು.

ದುಡ್ಡಿನ ಲೆಕ್ಕ

ನಮ್ಮ ಬಡಾವಣೆಯಲ್ಲಿ ನಾನು ಕೊಡುತ್ತಿರುವ ಬೆಲೆ ಇದು, ನಿಮ್ಮ ಕಡೆ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು: ದರ್ಶಿನಿಯಲ್ಲಿ ಇಡ್ಲಿ ವಡೆ 70, ಮಸಾಲೆ ದೋಸೆ 80, ಕಾಫಿ 20, ಉಡುಪಿ ಹೋಟೆಲಿನಲ್ಲಿ ಅದೇ ದೋಸೆ 110. ಖಾನಾವಳಿಯ ಊಟ 120, ಮಿಲಿಟರಿ ಹೋಟೆಲಿನಲ್ಲಿ ಮುದ್ದೆ ಮತ್ತು ಮಟನ್ ಸಾರಿಗೆ 280ರ ಸುಮಾರು. ಒಂದೇ ಹೋಟೆಲಿನಲ್ಲಿ ಕೆಳಗಡೆ ಒಂದು ದರ, ಮಹಡಿಯ ಎಸಿ ಕೋಣೆಯಲ್ಲಿ ಇನ್ನೊಂದು ದರ ಇರುವುದು ಹಳೆಯ ಪದ್ಧತಿ. ಮೇಲೆ ಹತ್ತುವ ಮೊದಲು ಬೋರ್ಡು ನೋಡಿ, ಅಡುಗೆ ಒಂದೇ ಒಲೆಯದು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ನಾಲ್ಕು ರೂಪಾಯಿ ಏರಿದ ಮೇಲೆ ಕಾಫಿಯೂ ಏರಿತು. ಬೈಟು ಕಾಫಿಗೆ ಮುಖ ಸಿಂಡರಿಸುವ ಹೋಟೆಲುಗಳು ಹೆಚ್ಚಾದವು. ಮುಖ ಸಿಂಡರಿಸದೆ ಎರಡು ಲೋಟ ಕೊಡುವ ಕಡೆ ನಾನು ಇನ್ನೊಂದು ವಡೆ ಹೆಚ್ಚಿಗೆ ತಿನ್ನುತ್ತೇನೆ.

ಇಂದಿರಾ ಕ್ಯಾಂಟೀನನ್ನು ಪಟ್ಟಿಯಲ್ಲಿ ಕೊನೆಗೆ ಇಡುವುದು ಸರಿಯಲ್ಲ. 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ಎಂದು ನಿಗದಿಯಾಯಿತು. ಬೆಲೆ ನೋಡಿ ಮೂಗು ಮುರಿಯುವವರು ಒಮ್ಮೆ ಅಲ್ಲಿನ ಸಾಲಿನಲ್ಲಿ ನಿಲ್ಲಬೇಕು: ಆಟೋ ಚಾಲಕರು, ಕಟ್ಟಡದ ಕೆಲಸದವರು, ಪರೀಕ್ಷೆಗೆ ಓದುವ ಹುಡುಗರು. ರುಚಿ ದಿನಕ್ಕೊಂದು ತರಹ, ಅದು ನಿಜ. ಒಳ್ಳೆಯ ದಿನದ ಪೊಂಗಲ್ ನಮ್ಮ ಮೂರನೆಯ ದರ್ಶಿನಿಯ ಪೊಂಗಲಿಗಿಂತ ಮೇಲಿತ್ತು. ತಡವಾಗಿ ಹೋದರೆ ಖಾಲಿ.

ನಾಲ್ಕು ತಿಂಗಳ ಅಲೆದಾಟದ ನಂತರ ನನ್ನ ವ್ಯವಸ್ಥೆ ಹೀಗಿದೆ. ವಾರದ ದಿನ ತಿಂಡಿಗೆ ಎರಡನೆಯ ತಿರುವಿನ ದರ್ಶಿನಿ, ಎಂಟೂವರೆಗೆ. ತಾಯಿಯೊಡನೆ ಆದರೆ ಉಡುಪಿ ಹೋಟೆಲ್, ಕಿಟಕಿಯ ಪಕ್ಕದ ಮೇಜು, ಅವರಿಗೆ ರವೆ ಇಡ್ಲಿ. ಊಟಕ್ಕೆ ಖಾನಾವಳಿ. ಭಾವ ಬಂದ ಭಾನುವಾರ ಮಿಲಿಟರಿ ಹೋಟೆಲ್, ಬಿಲ್ಲು ಅವರದು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಒಂದು ಸುದ್ದಿ. ದರ್ಶಿನಿಯ ದೋಸೆ ಭಟ್ಟರು ಮಗಳ ಮದುವೆಗೆಂದು ಊರಿಗೆ ಹೋಗಿ ಹತ್ತು ದಿನವಾಯಿತು. ಕಾವಲಿಯ ಮುಂದೆ ಈಗ ಹೊಸ ಹುಡುಗನಿದ್ದಾನೆ. ನೀರು ಎರಚುತ್ತಾನೆ, ಆದರೆ ಗುಡಿಸುವುದಕ್ಕೆ ಮೊದಲೇ ಹಿಟ್ಟು ಸುರಿಯುತ್ತಾನೆ. ದೋಸೆ ಅಂಟಿಕೊಂಡು ಹರಿಯುತ್ತಿದೆ. ನಿನ್ನೆ ಗಲ್ಲಾದಲ್ಲಿದ್ದವರನ್ನು ಭಟ್ಟರು ಯಾವಾಗ ಬರುತ್ತಾರೆ ಎಂದು ಕೇಳಿದೆ. ‘ಮುಂದಿನ ಸೋಮವಾರ ಎಂದಿದ್ದಾರೆ ಸಾರ್’ ಎಂದರು, ಅಷ್ಟು ಖಚಿತವಾದ ದನಿಯಲ್ಲೇನೂ ಅಲ್ಲ. ಸೋಮವಾರದವರೆಗೆ ಇಡ್ಲಿ ತಿನ್ನುತ್ತೇನೆ. ಮಂಗಳವಾರವೂ ಹುಡುಗನೇ ನಿಂತಿದ್ದರೆ ರಸ್ತೆ ದಾಟಿ ಮೊದಲ ದರ್ಶಿನಿಯಲ್ಲಿ, ಹತ್ತೂ ಹತ್ತಕ್ಕೆ, ಚಟ್ನಿ ನೋಡಲು ಹೋಗಬೇಕು.